ಒಳ್ಳೆ ಶೇವಿಂಗ್ ಬ್ರಷ್ ಆರಿಸಲು 14 ಸೂತ್ರಗಳು

ಬೆಳಗಿನ ಶಿಫ್ಟಿಗೆ ಮುಳಬಾಗಿಲಿನಿಂದ ನರಸಾಪುರಕ್ಕೆ ಬಸ್ ಹತ್ತುವವರು ನೀವು. ಮಾಲೂರಿನ ಇಂಡಸ್ಟ್ರಿಯಲ್ ಏರಿಯಾದಲ್ಲಿ ಟ್ರೈನಿಯಾಗಿ ಸೇರಿದವರು ನೀವು. ಶ್ರೀನಿವಾಸಪುರದಲ್ಲಿ ಡಿಗ್ರಿ ಮುಗಿಸಿ ಇಂಟರ್‌ವ್ಯೂ ಕಾಲ್ ಎದುರು ನೋಡುತ್ತಿರುವವರು, ಕೋಲಾರದಲ್ಲಿ ರೂಮು ಮಾಡಿಕೊಂಡು ಪರೀಕ್ಷೆಗೆ ಓದುತ್ತಿರುವವರು ನೀವು. ಗಾಯವಿಲ್ಲದ, ಉರಿಯಿಲ್ಲದ, ಶುಭ್ರವಾದ ಮುಖ ಹೊತ್ತು ನೀವು ಫ್ಯಾಕ್ಟರಿಯ, ಇಂಟರ್‌ವ್ಯೂನ ಬಾಗಿಲು ದಾಟಬೇಕು. ಅದಕ್ಕೆ ಒಳ್ಳೆಯ ಬ್ರಷ್ ಬೇಕು.

ಮೊದಲ ಸಂಬಳ ಬಂದ ಮೇಲೆ ಮೊಬೈಲಿನಲ್ಲಿ ಹುಡುಕುತ್ತೀರಿ. ‘ಪ್ಯೂರ್ ಬ್ಯಾಡ್ಜರ್’, ‘ಸೂಪರ್ ಬ್ಯಾಡ್ಜರ್’, ‘ಸಿಲ್ವರ್‌ಟಿಪ್’ ಎಂಬ ಹೆಸರುಗಳು ಸಾಲುಗಟ್ಟುತ್ತವೆ. ಬೆಲೆ ಕೆಲವು ನೂರರಿಂದ ಹಲವು ಸಾವಿರದವರೆಗೆ ಓಡುತ್ತದೆ. ಯಾವುದು ಅಸಲಿ? ಯಾವುದು ಬಾಳಿಕೆ ಬರುತ್ತದೆ? ಉತ್ತರ ಜಾಹೀರಾತಿನಲ್ಲಿಲ್ಲ, ನಿಮ್ಮ ಕಣ್ಣು ಮತ್ತು ಬೆರಳಿನಲ್ಲಿದೆ. ಅವನ್ನು ಪಳಗಿಸಿ. ವಸ್ತುವಿನ ಗುಣ ಅಳೆಯಲು ಕಲಿತವರು ಅಂಗಡಿಯಲ್ಲೂ ಗೆಲ್ಲುತ್ತಾರೆ, ಕೆಲಸದಲ್ಲೂ ಗೆಲ್ಲುತ್ತಾರೆ.

1. ‘ನಂಗೆ ಗೊತ್ತಾಗಲ್ಲ’ ಅನ್ನುವುದನ್ನು ಇವತ್ತೇ ಬಿಡಿ

ಹಿಂಜರಿಕೆ ಒಂದು ಅಭ್ಯಾಸ, ಅಷ್ಟೇ. ಅಭ್ಯಾಸವನ್ನು ಬದಲಾಯಿಸಬಹುದು. ಶ್ರೀನಿವಾಸಪುರದ ಮಂಡಿಯಲ್ಲಿ ಮಾವು ಕೊಳ್ಳುವವರನ್ನು ಗಮನಿಸಿ. ತೊಟ್ಟು ನೋಡುತ್ತಾರೆ, ಮೂಸುತ್ತಾರೆ, ಹೆಬ್ಬೆರಳಿನಲ್ಲಿ ಮೆಲ್ಲಗೆ ಒತ್ತುತ್ತಾರೆ. ಬಾದಾಮಿ ಯಾವುದು, ಎಳೆಯದು ಯಾವುದು, ಪುಡಿ ಹಾಕಿ ಹಣ್ಣು ಮಾಡಿದ್ದು ಯಾವುದು ಎಂದು ಗಳಿಗೆಯಲ್ಲಿ ಹೇಳುತ್ತಾರೆ. ಅದನ್ನು ಯಾವ ಕಾಲೇಜೂ ಅವರಿಗೆ ಕಲಿಸಲಿಲ್ಲ, ಕೈಯಿಟ್ಟು ಕಲಿತರು. ಬ್ರಷ್‌ಗೂ ಇದೇ ದಾರಿ. ಕೈಗೆತ್ತಿಕೊಳ್ಳಿ, ತಿರುಗಿಸಿ, ಕೇಳಿ, ಹೋಲಿಸಿ. ನಾಲ್ಕು ಬ್ರಷ್ ಮುಟ್ಟಿ ನೋಡಿದವರಿಗೆ ಐದನೆಯದರ ಗುಣ ತಾನಾಗಿ ತಿಳಿಯುತ್ತದೆ.

2. ಕೂದಲಿನ ಜಾತಿ ಮೊದಲು ತಿಳಿಯಿರಿ

ಮಾರುಕಟ್ಟೆಯಲ್ಲಿ ಮುಖ್ಯವಾಗಿ ಮೂರು ಬಗೆಯ ಬ್ರಷ್‌ಗಳಿವೆ. ಹಂದಿಯ ಕೂದಲು ಗಡಸು. ನೀರಿನಲ್ಲಿ ನೆನೆದ ಮೇಲೆ ಪಳಗುತ್ತದೆ, ಬಳಸಿದಷ್ಟೂ ತುದಿ ಸೀಳಿ ಮೃದುವಾಗುತ್ತದೆ. ಬ್ಯಾಡ್ಜರ್ ಎಂಬ ಪ್ರಾಣಿಯ ಕೂದಲು ನೀರನ್ನು ಚೆನ್ನಾಗಿ ಹಿಡಿದಿಟ್ಟುಕೊಳ್ಳುತ್ತದೆ, ತುದಿಯತ್ತ ಹೋದಂತೆ ಸಹಜವಾಗಿ ಸಣ್ಣಗಾಗುತ್ತದೆ. ಸಿಂಥೆಟಿಕ್ ನಾರು ನೀರು ಹೀರುವುದಿಲ್ಲ, ಬೇಗ ಒಣಗುತ್ತದೆ, ಕಡಿಮೆ ಕ್ರೀಮಿನಲ್ಲಿ ನೊರೆ ಎಬ್ಬಿಸುತ್ತದೆ. ಮೂರಕ್ಕೂ ಅದರದೇ ಕೆಲಸವಿದೆ, ಅದರದೇ ಬೆಲೆಯಿದೆ. ತಪ್ಪು ಇರುವುದು ಒಂದನ್ನು ಇನ್ನೊಂದರ ಹೆಸರಿನಲ್ಲಿ ಮಾರುವುದರಲ್ಲಿ. ಎದುರಿಗಿರುವುದು ಯಾವುದು ಎಂದು ಮೊದಲು ತೀರ್ಮಾನಿಸಿ, ಚೆನ್ನಾಗಿದೆಯೋ ಇಲ್ಲವೋ ಎಂಬ ಪ್ರಶ್ನೆ ಆಮೇಲೆ.

3. ಗ್ರೇಡಿನ ಹೆಸರಿಗೆ ಮಾರುಹೋಗಬೇಡಿ

‘ಪ್ಯೂರ್’ ಎಂದರೆ ಅತ್ಯುತ್ತಮ ಎಂದುಕೊಳ್ಳಬೇಡಿ. ಬ್ರಷ್ ವ್ಯಾಪಾರದಲ್ಲಿ ಅದು ಸಾಮಾನ್ಯವಾಗಿ ಕೆಳಗಿನ ಮೆಟ್ಟಿಲು: ಬಣ್ಣ ಕಡು, ಕೂದಲು ಒರಟು. ಅದರ ಮೇಲೆ ‘ಬೆಸ್ಟ್’, ಅದರ ಮೇಲೆ ‘ಸೂಪರ್’, ತುದಿಯಲ್ಲಿ ‘ಸಿಲ್ವರ್‌ಟಿಪ್’. ಸಿಲ್ವರ್‌ಟಿಪ್ ಕೂದಲು ಉದ್ದ, ತೆಳು, ತುದಿ ಸಹಜವಾಗಿಯೇ ಬಿಳಿ. ಇನ್ನೊಂದು ಮಾತು ನೆನಪಿಡಿ. ಈ ಹೆಸರುಗಳಿಗೆ ಎಲ್ಲರೂ ಒಪ್ಪಿದ ಮಾನದಂಡವಿಲ್ಲ. ಒಂದು ಕಂಪನಿಯ ಸೂಪರ್ ಇನ್ನೊಂದು ಕಂಪನಿಯ ಬೆಸ್ಟ್ ಆಗಿರಬಹುದು. ಹಾಗಾಗಿ ಡಬ್ಬಿಯ ಮೇಲಿನ ಹೆಸರನ್ನು ಸುಳಿವು ಎಂದು ತೆಗೆದುಕೊಳ್ಳಿ, ತೀರ್ಪು ನೀವೇ ಕೊಡಿ.

4. ತುದಿಯನ್ನು ಬೆಳಕಿಗೆ ಹಿಡಿಯಿರಿ

ಬ್ರಷ್‌ನ ಅರ್ಧ ಗುಣ ಅದರ ತುದಿಯಲ್ಲಿದೆ. ಕಿಟಕಿಯ ಬೆಳಕಿಗೆ ಹಿಡಿದು ಕೂದಲಿನ ಕೊನೆ ನೋಡಿ. ಮೊಬೈಲ್ ಕ್ಯಾಮೆರಾದಲ್ಲಿ ಜೂಮ್ ಮಾಡಿ. ಅಸಲಿ ಬ್ಯಾಡ್ಜರ್ ಕೂದಲು ಸಣ್ಣಗಾಗುತ್ತಾ ಒಂದೇ ಮೊನೆಯಲ್ಲಿ ಮುಗಿಯುತ್ತದೆ. ಮೊನೆ ಮೊಂಡಾಗಿ, ಕತ್ತರಿಸಿದ ಹಾಗಿದ್ದರೆ ಕೈಬಿಡಿ. ನುರಿತ ಕೆಲಸಗಾರರು ಕೂದಲನ್ನು ಅಚ್ಚಿನಲ್ಲಿಟ್ಟು ಗುಮ್ಮಟದ ಆಕಾರ ಕೊಡುತ್ತಾರೆ, ತುದಿಗೆ ಕತ್ತರಿ ಹಾಕುವುದಿಲ್ಲ. ಅಗ್ಗದ ಬ್ರಷ್‌ನಲ್ಲಿ ಆಕಾರ ಬರುವುದೇ ಕತ್ತರಿಯಿಂದ. ಮೊಂಡು ತುದಿ ಮುಖಕ್ಕೆ ಚುಚ್ಚುತ್ತದೆ, ಅದರ ಮೇಲೆ ರೇಜರ್ ಓಡಿದರೆ ಉರಿ ಖಚಿತ. ಈಗ ಒಣಗಿದ ಬ್ರಷ್ಷನ್ನು ಕೆನ್ನೆಗೆ ನೇರವಾಗಿ ಒತ್ತಿ. ಒಂದೆರಡು ಕೂದಲು ತಾಗಿದರೆ ಚಿಂತೆಯಿಲ್ಲ. ಇಡೀ ಬ್ರಷ್ ಚುಚ್ಚಿದರೆ ಅದು ನಿಮ್ಮದಲ್ಲ.

5. ಬಣ್ಣದ ಪಟ್ಟೆಯನ್ನು ಅನುಮಾನಿಸಿ

ಬ್ಯಾಡ್ಜರ್ ಕೂದಲಿಗೆ ಬುಡದಲ್ಲಿ ತಿಳಿ ಬಣ್ಣ, ನಡುವೆ ಕಪ್ಪು ಪಟ್ಟೆ, ತುದಿಯಲ್ಲಿ ಮತ್ತೆ ತಿಳಿ ಬಣ್ಣ ಇರುತ್ತದೆ. ಈ ಪಟ್ಟೆಯೇ ಅದರ ಗುರುತು, ಆದ್ದರಿಂದ ನಕಲು ಮಾಡುವವರು ಮೊದಲು ಇದನ್ನೇ ನಕಲು ಮಾಡುತ್ತಾರೆ. ಹಂದಿ ಕೂದಲಿಗೂ ಸಿಂಥೆಟಿಕ್ ನಾರಿಗೂ ಕಪ್ಪು ಪಟ್ಟೆ ಬಳಿಯುತ್ತಾರೆ. ಕೂದಲನ್ನು ಬೆರಳಿನಿಂದ ಬಿಡಿಸಿ ನೋಡಿ. ಸಹಜ ಪಟ್ಟೆ ಒಂದೊಂದು ಕೂದಲಿನಲ್ಲಿ ತುಸು ಮೇಲೆ, ತುಸು ಕೆಳಗೆ ಇರುತ್ತದೆ, ಅಂಚು ಮೆಲ್ಲಗೆ ಮಾಸುತ್ತದೆ. ಎಲ್ಲ ಎಳೆಯಲ್ಲೂ ಗೆರೆ ಒಂದೇ ಕಡೆ ಇದ್ದರೆ ಬಣ್ಣ ಬಳಿದಿದ್ದಾರೆ. ನಂತರ ಬ್ರಷ್ ಒದ್ದೆ ಮಾಡಿ ಬಿಳಿ ಬಟ್ಟೆಗೆ ಉಜ್ಜಿ. ಬಟ್ಟೆಗೆ ಕಪ್ಪು ಹತ್ತಿದರೆ ವಾಪಸ್ ಕಳಿಸಿ.

ಮನೆಗೆ ತಂದ ಮೇಲೂ ಸಂಶಯ ಉಳಿದರೆ ತಾನಾಗಿ ಉದುರಿದ ಒಂದೇ ಒಂದು ಎಳೆಯನ್ನು ಸ್ಟೀಲ್ ತಟ್ಟೆಯ ಮೇಲೆ ಚಿಮಟದಲ್ಲಿ ಹಿಡಿದು ಸುಡಿ. ಪ್ರಾಣಿಯ ಕೂದಲು ಕರಕಲು ವಾಸನೆ ಬಿಟ್ಟು ಪುಡಿಯಾಗುತ್ತದೆ. ಪ್ಲಾಸ್ಟಿಕ್ ನಾರು ಕರಗಿ ಗಟ್ಟಿ ಗುಂಡಾಗುತ್ತದೆ. ಹಂದಿಯೋ ಬ್ಯಾಡ್ಜರೋ ಎಂಬುದನ್ನು ಬೆಂಕಿ ಹೇಳುವುದಿಲ್ಲ, ಅದಕ್ಕೆ ನಾಲ್ಕನೇ ಸೂತ್ರದ ಮೊನೆಯನ್ನೇ ನಂಬಿ.

6. ಸ್ಕೇಲ್ ಹಿಡಿಯಿರಿ, ಅಂದಾಜು ಬೇಡ

ಎರಡು ಅಳತೆ ಸಾಕು. ಒಂದು, ಹಿಡಿಯ ಬಾಯಿಯಲ್ಲಿ ಕೂದಲಿನ ಗಂಟಿನ ವ್ಯಾಸ. ಎರಡು, ಹಿಡಿಯಿಂದ ಮೇಲೆ ಕಾಣುವ ಕೂದಲಿನ ಉದ್ದ. ಮುಖದ ಶೇವಿಂಗಿಗೆ ಗಂಟು 20ರಿಂದ 26 ಮಿ.ಮೀ., ಉದ್ದ ಸುಮಾರು 50 ಮಿ.ಮೀ. ಇದ್ದರೆ ಕೆಲಸಕ್ಕೆ ಸರಿಹೋಗುತ್ತದೆ. ಗಂಟು ಸಣ್ಣದಿದ್ದು ಕೂದಲು ತೀರಾ ಉದ್ದವಾದರೆ ಬ್ರಷ್ ಬಳುಕುತ್ತದೆ. ಗಂಟು ದಪ್ಪವಿದ್ದು ಕೂದಲು ಗಿಡ್ಡವಾದರೆ ಮುಖಕ್ಕೆ ಒರಟಾಗುತ್ತದೆ. ಐಟಿಐ, ಡಿಪ್ಲೊಮಾ ಓದಿದವರಿಗೆ ವರ್ನಿಯರ್ ಹೊಸದಲ್ಲ. ಕ್ಲಾಸಿನಲ್ಲಿ ಕಲಿತದ್ದನ್ನು ಮನೆಯ ವಸ್ತುವಿಗೆ ಹಚ್ಚಿ. ಆನ್‌ಲೈನ್‌ನಲ್ಲಿ ಕೊಳ್ಳುವಾಗ ಈ ಎರಡು ಸಂಖ್ಯೆ ಬರೆಯದ ಮಾರಾಟಗಾರರಿಗೆ ಬರೆದು ಕೇಳಿ. ಉತ್ತರ ಬಾರದಿದ್ದರೆ ಮುಂದಿನ ಅಂಗಡಿಗೆ ಹೋಗಿ.

7. ಒತ್ತಿ ನೋಡಿ, ಬುಡ ಹಿಡಿದು ನೋಡಿ

ಬ್ರಷ್ಷನ್ನು ಅಂಗೈ ಮೇಲೆ ಒತ್ತಿ ಬಿಡಿ. ಕೂದಲು ಎಲ್ಲ ಕಡೆಗೂ ಸಮನಾಗಿ ಅರಳಬೇಕು, ಕೈ ತೆಗೆದ ಕೂಡಲೇ ಮೊದಲಿನ ಆಕಾರಕ್ಕೆ ಮರಳಬೇಕು. ಒಂದೇ ಮಗ್ಗುಲಿಗೆ ವಾಲಿದರೆ ಕಟ್ಟಿದ ಕೈ ಸರಿಯಿಲ್ಲ. ಈಗ ಹಿಡಿಗೆ ತಾಗಿದ ಬುಡವನ್ನು ಎರಡು ಬೆರಳಲ್ಲಿ ಅದುಮಿ. ತುಂಬಿದ ಗಂಟು ಬೆರಳಿಗೆ ಎದುರು ಒತ್ತುತ್ತದೆ, ಕೂದಲು ಕಡಿಮೆ ಹಾಕಿದ ಗಂಟು ಸುಲಭವಾಗಿ ಕುಸಿಯುತ್ತದೆ. ಒಳಗೆ ಗಟ್ಟಿ ಗಡ್ಡೆ ಸಿಕ್ಕಿದರೆ ಅದು ಅಂಟು. ಹಿಡಿಯೊಳಗೆ ಇರಬೇಕಾದ ಅಂಟು ಮೇಲಕ್ಕೆ ಏರಿದೆ ಎಂದರ್ಥ. ಅಂಟು ಏರಿದಷ್ಟೂ ನೀರು ಹಿಡಿಯುವ ಜಾಗ ಕಡಿಮೆ, ಬಾಗುವ ಗುಣವೂ ಕಡಿಮೆ. ಫೋಟೋದಲ್ಲಿ ಕಾಣದ ಈ ದೋಷವನ್ನು ಬೆರಳು ಮಾತ್ರ ಹಿಡಿಯುತ್ತದೆ.

8. ನಮ್ಮ ಗಡಸು ನೀರಿನಲ್ಲೇ ನೊರೆ ಪರೀಕ್ಷೆ ಮಾಡಿ

ಇದು ಕೋಲಾರ ಜಿಲ್ಲೆಯವರಿಗೆ ಅತಿ ಮುಖ್ಯವಾದ ಸೂತ್ರ. ನಮ್ಮ ನಲ್ಲಿಯ ನೀರು ಬಹುಪಾಲು ಬೋರ್‌ವೆಲ್ ನೀರು, ಎಷ್ಟೋ ಕಡೆ ಸಾವಿರ ಅಡಿ ದಾಟಿದ ಆಳದ್ದು. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚು. ಇವು ಸಾಬೂನಿನ ಜೊತೆ ಸೇರಿ ನೊರೆಯಾಗದ ಜಿಗುಟಾಗುತ್ತವೆ. ಒಳ್ಳೆಯ ಬ್ರಷ್ ಕೂಡ ಗಡಸು ನೀರಿನಲ್ಲಿ ಸೋತ ಹಾಗೆ ಕಾಣುತ್ತದೆ. ನೀರಿನ ತಪ್ಪನ್ನು ಬ್ರಷ್ ಮೇಲೆ ಹಾಕಬೇಡಿ.

ಹೀಗೆ ಮಾಡಿ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ಆರ್‌ಓ ನೀರು ಒಂದು ಬಟ್ಟಲಿನಲ್ಲಿ, ನಲ್ಲಿ ನೀರು ಇನ್ನೊಂದರಲ್ಲಿ ಇಡಿ. ಬ್ರಷ್ಷನ್ನು ಉಗುರುಬೆಚ್ಚಗಿನ ನೀರಿನಲ್ಲಿ ಎರಡು ನಿಮಿಷ ನೆನೆಸಿ, ಒಮ್ಮೆ ಕೊಡವಿ. ಅರ್ಧ ಇಂಚು ಕ್ರೀಮ್ ಹಾಕಿ ಒಂದು ನಿಮಿಷ ತಿರುಗಿಸಿ. ಮೊದಲು ಆರ್‌ಓ ನೀರಿನಲ್ಲಿ, ಮಾರನೇ ದಿನ ನಲ್ಲಿ ನೀರಿನಲ್ಲಿ. ನೊರೆಯಲ್ಲಿ ದೊಡ್ಡ ಗುಳ್ಳೆಗಳಿರಬಾರದು. ಬಟ್ಟಲು ಓರೆ ಮಾಡಿದರೆ ಜಾರಬಾರದು. ಒಂದು ಸಲ ತುಂಬಿದ ಬ್ರಷ್ ಎರಡು ಸುತ್ತಿನ ಶೇವಿಂಗಿಗೆ ನೊರೆ ಕೊಡಬೇಕು. ಆರ್‌ಓ ನೀರಿನಲ್ಲೂ ನೊರೆ ಏಳದಿದ್ದರೆ ಮೊದಲು ಕ್ರೀಮ್ ಬದಲಿಸಿ, ಆಮೇಲೂ ಏಳದಿದ್ದರೆ ಬ್ರಷ್ ದೋಷ. ನಲ್ಲಿ ನೀರಿನಲ್ಲಿ ಮಾತ್ರ ಸೋತರೆ ನೀರಿನ ದೋಷ. ಒಂದು ಸಲಕ್ಕೆ ಒಂದೇ ಅಂಶ ಬದಲಿಸಿ. ದೊಡ್ಡ ಲ್ಯಾಬ್‌ಗಳೂ ಕಾರಣ ಹುಡುಕುವುದು ಹೀಗೆಯೇ.

9. ಉದುರಿದ ಕೂದಲು ಎಣಿಸಿ, ವಾಸನೆ ಹಿಡಿಯಿರಿ

ಹೊಸ ಬ್ರಷ್‌ನಿಂದ ಮೊದಲ ವಾರ ಕೆಲವು ಕೂದಲು ಉದುರುವುದು ಸಹಜ. ಕಟ್ಟುವಾಗ ಅಂಟಿಗೆ ಸಿಗದ ಎಳೆಗಳು ಅವು. ದಿನ ಕಳೆದಂತೆ ಎಣಿಕೆ ಇಳಿಯಬೇಕು. ಎರಡು ಮೂರು ವಾರದ ಮೇಲೂ ಇಳಿಯದಿದ್ದರೆ ಗಂಟಿನ ಅಂಟು ಸೋತಿದೆ. ಬಿಲ್ ತೆಗೆದುಕೊಂಡು ಹೋಗಿ ಬದಲಿಸಿಕೊಳ್ಳಿ. ಪ್ರಾಣಿಯ ಕೂದಲಿಗೆ ಆರಂಭದಲ್ಲಿ ಸಣ್ಣ ವಾಸನೆ ಇರುತ್ತದೆ. ಶಾಂಪೂ ಹಾಕಿ ನಾಲ್ಕೈದು ಸಲ ತೊಳೆದರೆ ಹೋಗಬೇಕು. ಕೊಳೆತ ವಾಸನೆ ನಿಂತರೆ ಆ ಬ್ರಷ್ ಮುಖಕ್ಕೆ ಬೇಡ. ಬಿಲ್ ಇಲ್ಲದೆ ಏನನ್ನೂ ಕೊಳ್ಳಬೇಡಿ. ಪುರಾವೆ ಇದ್ದವರ ಮಾತಿಗೆ ಬೆಲೆ ಹೆಚ್ಚು.

10. ಕೂದಲು ಎಲ್ಲಿಂದ ಬಂತು ಎಂದು ಕೇಳಿ

ಗುಣಮಟ್ಟ ಎಂದರೆ ಮೃದುತ್ವ ಮಾತ್ರವಲ್ಲ, ಮೂಲವೂ ಹೌದು. ಜಗತ್ತಿನ ಬ್ರಷ್‌ಗಳಿಗೆ ಬ್ಯಾಡ್ಜರ್ ಕೂದಲು ಬಹುಪಾಲು ಚೀನಾದಿಂದ ಬರುತ್ತದೆ. ಬ್ರಿಟನ್‌ನಲ್ಲಿ 1992ರ ಕಾಯ್ದೆಯೇ ಬ್ಯಾಡ್ಜರನ್ನು ಕಾಯುತ್ತದೆ. ಚೀನಾದ ಸಾಕಣೆ ಕೇಂದ್ರಗಳಲ್ಲಿ ಈ ಪ್ರಾಣಿಗಳನ್ನು ಹಿಂಸಿಸುವ ದೃಶ್ಯಗಳನ್ನು ಪ್ರಾಣಿ ಹಕ್ಕುಗಳ ಸಂಘಟನೆ ಪೆಟಾ 2018ರಲ್ಲಿ ಹೊರಗಿಟ್ಟ ಮೇಲೆ ಹಲವು ಕಂಪನಿಗಳು ಬ್ಯಾಡ್ಜರ್ ಕೂದಲನ್ನೇ ಬಿಟ್ಟವು.

ನಮ್ಮಲ್ಲೂ ಈ ಬಳಗದ ಪ್ರಾಣಿಯಿದೆ: ತರಕರಡಿ. ಕಾವೇರಿ ವನ್ಯಜೀವಿ ಧಾಮದ ಕ್ಯಾಮೆರಾ ಟ್ರ್ಯಾಪ್‌ಗಳಲ್ಲಿ ಅದು ಸೆರೆಯಾಗಿದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಮೊದಲನೇ ಅನುಸೂಚಿ ಅದಕ್ಕೆ ಕಟ್ಟುನಿಟ್ಟಿನ ರಕ್ಷಣೆ ಕೊಟ್ಟಿದೆ. ಆ ಅನುಸೂಚಿಯ ಪ್ರಾಣಿಗಳ ವಿಷಯದಲ್ಲಿ ತಪ್ಪು ಸಾಬೀತಾದರೆ ಕನಿಷ್ಠ 3, ಗರಿಷ್ಠ 7 ವರ್ಷ ಜೈಲು. ಮುಂಗುಸಿಗೂ ಇದೇ ಕಾಯ್ದೆಯ ರಕ್ಷಣೆಯಿದೆ. ಮುಂಗುಸಿ ಕೂದಲಿನ ಪೇಂಟ್ ಬ್ರಷ್ ಮಾರುವವರ ಮೇಲೆ ವನ್ಯಜೀವಿ ಅಪರಾಧ ನಿಯಂತ್ರಣ ಬ್ಯೂರೋ 2019ರಲ್ಲಿ ‘ಆಪರೇಷನ್ ಕ್ಲೀನ್ ಆರ್ಟ್’ ಹೆಸರಿನಲ್ಲಿ ದೇಶದ ಹಲವೆಡೆ ದಾಳಿ ಮಾಡಿತು. ಸಂತೆಯಲ್ಲೋ ಫುಟ್‌ಪಾತ್‌ನಲ್ಲೋ ‘ಕಾಡಿನ ಅಸಲಿ ಕೂದಲು ಸಾರ್’ ಎಂದರೆ ಕೈ ಹಾಕಬೇಡಿ. ಪೊಲೀಸ್ ವೆರಿಫಿಕೇಷನ್ ದಾಟಬೇಕಾದ ನಿಮಗೆ ಒಂದು ಕೇಸು ದುಬಾರಿ. ಅದಕ್ಕಿಂತ ದೊಡ್ಡ ಮಾತು, ಆ ಪ್ರಾಣಿಯ ಜೀವ ನಿಮ್ಮ ನೊರೆಗಿಂತ ದೊಡ್ಡದು.

11. ಅಗ್ಗದ ನಕಲಿಯ ಬೆಲೆ ಇತಿಹಾಸದಿಂದ ಕಲಿಯಿರಿ

ಮೊದಲ ಮಹಾಯುದ್ಧದ ಕಾಲ. ಬ್ಯಾಡ್ಜರ್ ಕೂದಲಿಗೆ ಬರ ಬಂತು. ಆಮದು ಮಾಡಿದ ಅಗ್ಗದ ಕುದುರೆ ಕೂದಲನ್ನು ಬ್ಯಾಡ್ಜರ್ ಹಾಗೆ ಕಾಣುವಂತೆ ಸಿದ್ಧಮಾಡಿ ಬ್ರಷ್ ಕಟ್ಟಿದರು. ಕೆಲವನ್ನು ಸರಿಯಾಗಿ ಶುದ್ಧೀಕರಿಸಲಿಲ್ಲ. ಆ ಬ್ರಷ್‌ಗಳ ಜೊತೆ ಆಂಥ್ರಾಕ್ಸ್ ರೋಗಾಣು ಸೈನಿಕರ, ಸಾಮಾನ್ಯ ಜನರ ಮುಖಕ್ಕೆ ತಲುಪಿತು. ಅಮೆರಿಕ, ಇಂಗ್ಲೆಂಡ್ ಎರಡೂ ಕಡೆ ರೋಗ ಏರಿತು. ಕುರಿ ಸಾಕುವ ನಮ್ಮ ಮನೆಗಳಿಗೆ ಈ ರೋಗದ ಹೆಸರು ಹೊಸದಲ್ಲ. ಆದ್ದರಿಂದ ತಯಾರಕರ ಹೆಸರು, ವಿಳಾಸ ಇಲ್ಲದ ಪ್ರಾಣಿ ಕೂದಲಿನ ಬ್ರಷ್ ಕೊಳ್ಳಬೇಡಿ. ಸೆಕೆಂಡ್ ಹ್ಯಾಂಡ್ ಬ್ರಷ್ ಬೇಡ. ಹಾಸ್ಟೆಲ್‌ನಲ್ಲಿ, ಪಿಜಿಯಲ್ಲಿ ಬ್ರಷ್ ಹಂಚಿಕೊಳ್ಳಬೇಡಿ. ಸಲೂನಿಗೆ ಹೋದರೆ ನಿಮ್ಮದೇ ಬ್ರಷ್ ಒಯ್ಯಿರಿ. ಚರ್ಮದ ಸೋಂಕು ಒಬ್ಬರಿಂದ ಒಬ್ಬರಿಗೆ ದಾಟಲು ಒಂದು ಒದ್ದೆ ಬ್ರಷ್ ಸಾಕು.

12. ಬಜೆಟ್‌ಗೆ ತಕ್ಕ ಅತ್ಯುತ್ತಮವನ್ನು ಕೊಳ್ಳಿ

ಕೆಲವು ನೂರು ರೂಪಾಯಿಗೆ ಸಿಲ್ವರ್‌ಟಿಪ್ ಸಿಗುವುದಿಲ್ಲ. ಆ ಬೆಲೆಗೆ ಆ ಹೆಸರು ಬರೆದಿದ್ದರೆ ಹೆಸರು ಸುಳ್ಳು. ಅದೇ ಹಣಕ್ಕೆ ಪ್ರಾಮಾಣಿಕವಾದ ಒಳ್ಳೆ ಸಿಂಥೆಟಿಕ್ ಬ್ರಷ್ ಸಿಗುತ್ತದೆ. ಕೆಳದರ್ಜೆಯ ಬ್ಯಾಡ್ಜರ್‌ಗಿಂತ ಅದು ಮೃದು, ಬೇಗ ಒಣಗುತ್ತದೆ, ಬಣ್ಣ ಬಿಡುವುದಿಲ್ಲ, ಯಾವ ಪ್ರಾಣಿಗೂ ನೋವಿಲ್ಲ. ಮೊದಲ ಬ್ರಷ್ ಇದೇ ಆಗಲಿ. ಬ್ಯಾಡ್ಜರ್ ಎಂಬ ಹೆಸರು ದೊಡ್ಡತನ ತಂದುಕೊಡುತ್ತದೆ ಎಂಬ ಭ್ರಮೆ ಬಿಡಿ. ಮ್ಯಾನೇಜರ್ ನೋಡುವುದು ನಿಮ್ಮ ಮುಖವನ್ನು, ಬ್ರಷ್‌ನ ಡಬ್ಬಿಯನ್ನಲ್ಲ. ಇಎಂಐನಲ್ಲಿ ಬ್ರಷ್ ಕೊಳ್ಳಬೇಡಿ. ಉಳಿದ ಹಣದಲ್ಲಿ ಒಂದು ಕೋರ್ಸಿಗೆ ಸೇರಿ, ಅದರ ಬಡ್ಡಿ ಜೀವನಪೂರ್ತಿ ಬರುತ್ತದೆ.

13. ಕೊಂಡದ್ದನ್ನು ಉಳಿಸಿಕೊಳ್ಳಿ

ಬಾಳಿಕೆ ಅರ್ಧ ತಯಾರಕರ ಕೈಯಲ್ಲಿ, ಅರ್ಧ ನಿಮ್ಮ ಕೈಯಲ್ಲಿ. ಕುದಿಯುವ ನೀರಿಗೆ ಬ್ರಷ್ ಅದ್ದಬೇಡಿ, ಕೂದಲು ಹಾಳಾಗುತ್ತದೆ, ಅಂಟು ಸಡಿಲುತ್ತದೆ. ಶೇವಿಂಗ್ ಮುಗಿದ ಕೂಡಲೇ ನೊರೆ ಪೂರ್ತಿ ಹೋಗುವವರೆಗೆ ತೊಳೆಯಿರಿ. ಹಿಂಡಬೇಡಿ, ತಿರುಚಬೇಡಿ. ಕೊಡವಿ, ಟವೆಲ್ ಮೇಲೆ ಎಳೆದು ಗಾಳಿಯಾಡುವ ಕಡೆ ಇಡಿ. ಒದ್ದೆ ಬ್ರಷ್ಷನ್ನು ಡಬ್ಬಿಯಲ್ಲಿ ಮುಚ್ಚಿಟ್ಟರೆ ಬೂಷ್ಟು ಹಿಡಿಯುತ್ತದೆ. ಗಡಸು ನೀರಿನಿಂದ ಬುಡದಲ್ಲಿ ಬಿಳಿ ಪದರ ಕಟ್ಟಿದರೆ ತಿಂಗಳಿಗೊಮ್ಮೆ ಹತ್ತು ಪಾಲು ನೀರಿಗೆ ಒಂದು ಪಾಲು ಬಿಳಿ ವಿನೆಗರ್ ಬೆರೆಸಿ ಐದು ನಿಮಿಷ ಅದ್ದಿ, ಚೆನ್ನಾಗಿ ತೊಳೆಯಿರಿ. ಆಮ್ಲ ಆ ಪದರವನ್ನು ಕರಗಿಸುತ್ತದೆ, ಗಡಸಾದ ಕೂದಲು ಮತ್ತೆ ಮೆತ್ತಗಾಗುತ್ತದೆ.

14. ಇದೇ ಕಣ್ಣನ್ನು ಕೆಲಸದ ಜಾಗಕ್ಕೆ ಒಯ್ಯಿರಿ

ನರಸಾಪುರದಲ್ಲಿ 2013ರಿಂದ ಹೋಂಡಾ ದ್ವಿಚಕ್ರ ವಾಹನಗಳು ತಯಾರಾಗುತ್ತಿವೆ, ಐಫೋನ್ ಜೋಡಣೆಯೂ ಅಲ್ಲೇ ನಡೆಯುತ್ತಿದೆ. ಇಂಥ ಫ್ಯಾಕ್ಟರಿಯಲ್ಲಿ ಒಳಗೆ ಬರುವ ಭಾಗಗಳನ್ನು ನೋಡಿ, ಅಳೆದು, ಒತ್ತಿ, ದಾಖಲಿಸಿ ಪಾಸ್ ಅಥವಾ ರಿಜೆಕ್ಟ್ ಮಾಡುವ ಕೆಲಸಕ್ಕೆ ಸದಾ ಬೇಡಿಕೆಯಿದೆ. ನೀವು ಬ್ರಷ್ ಜೊತೆ ಮಾಡಿದ್ದೂ ಅದನ್ನೇ. ಮೂಲ ಕೇಳಿದಿರಿ, ಅಳತೆ ತೆಗೆದಿರಿ, ಪರೀಕ್ಷೆ ನಡೆಸಿದಿರಿ, ಕಾರಣ ಬೇರ್ಪಡಿಸಿದಿರಿ. ಇನ್ನು ಅದನ್ನು ಬರೆದಿಡಿ. ಒಂದು ನೋಟ್‌ಬುಕ್ ಮಾಡಿ. ವಸ್ತು, ಬೆಲೆ, ಅಳತೆ, ಪರೀಕ್ಷೆ, ತೀರ್ಮಾನ ಎಂದು ಐದು ಕಾಲಂ ಹಾಕಿ. ಬ್ರಷ್‌ನಿಂದ ಶುರುಮಾಡಿ ಶೂ, ಬ್ಯಾಗು, ಹೆಲ್ಮೆಟ್‌ಗೆ ಮುಂದುವರಿಯಿರಿ. ಇಂಟರ್‌ವ್ಯೂನಲ್ಲಿ ‘ಕ್ವಾಲಿಟಿ ಎಂದರೇನು’ ಎಂದು ಕೇಳಿದಾಗ ಪುಸ್ತಕದ ವ್ಯಾಖ್ಯಾನ ಒಪ್ಪಿಸಬೇಡಿ. ಎರಡು ಬಟ್ಟಲು ನೀರಿನಲ್ಲಿ ನೀವು ಮಾಡಿದ ಪರೀಕ್ಷೆಯನ್ನು ವಿವರಿಸಿ. ಕಾರಣ ಗೊತ್ತಿರುವವರ ದನಿ ನಡುಗುವುದಿಲ್ಲ.

ಈ ಭಾನುವಾರವೇ ಆರಂಭಿಸಿ. ಸ್ಕೇಲ್, ಬಿಳಿ ಬಟ್ಟೆ, ಎರಡು ಬಟ್ಟಲು ಸಿದ್ಧಮಾಡಿಕೊಳ್ಳಿ. ಮನೆಯಲ್ಲಿರುವ ಹಳೆಯ ಬ್ರಷ್ಷನ್ನೇ ಮೊದಲು ಪರೀಕ್ಷಿಸಿ, ಅಂಕ ಕೊಡಿ, ನೋಟ್‌ಬುಕ್‌ನ ಮೊದಲ ಸಾಲು ತುಂಬಿಸಿ. ಅಂಗಡಿಗೆ ಹೋಗುವುದು ಆಮೇಲೆ.